ವೋಲ್ಟೇಜ್ ಇತ್ತಲ್ದಾ ಮಾಷ್ಟ್ರೇ?

ಸೋಲಾರ್ ಪ್ಯಾನೆಲ್ಲಿಗೆ ಸದ್ದಿಲ್ಲ, ಹೊಗೆಯಿಲ್ಲ, ತಿರುಗುವ ಚಕ್ರವಿಲ್ಲ. ಆದ್ದರಿಂದ ದೋಣಿಯಲ್ಲಿ ಅದಕ್ಕೆ ಮರ್ಯಾದೆಯೂ ಇಲ್ಲ. ಎಂಜಿನ್ನು ಒಮ್ಮೆ ಕೆಮ್ಮಿದರೆ ಎಲ್ಲರೂ ಓಡಿ ಬರುತ್ತಾರೆ. ಬಲೆ ಹರಿದರೆ ಹತ್ತು ಕೈ ಕೂಡುತ್ತವೆ. ಪ್ಯಾನೆಲ್ಲಿನ ಮೇಲೆ ಮಾತ್ರ ಒಬ್ಬ ಲುಂಗಿ ಒಣಹಾಕುತ್ತಾನೆ, ಇನ್ನೊಬ್ಬ ಮೀನು ಹರಡುತ್ತಾನೆ, ಮತ್ತೊಬ್ಬ ಮೆಟ್ಟಿಲೆಂದೇ ತಿಳಿದು ಕಾಲಿಡುತ್ತಾನೆ.

ಗಂಗೊಳ್ಳಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೋಣಿಯಲ್ಲೂ ಇದೇ ಕಥೆ. ನಾನು ಓಮನ ನಿಯಮ ಪಾಠ ಮಾಡುವ ದಿನವೇ ಅವನಿಗೆ ಜ್ವರ ಬರುತ್ತಿತ್ತು. ಈಗ ಅವನು ದೋಣಿಯ ಯಜಮಾನ. ದೋಣಿಯಲ್ಲೊಂದು 100 ವ್ಯಾಟಿನ, ಮಡಚಿ ಒಯ್ಯಬಹುದಾದ ಪ್ಯಾನೆಲ್. ಅದರ ಮೇಲೆ ಲಂಗರು ಬಿತ್ತು. ದೀಪ ಆರಿತು, ಜಿಪಿಎಸ್ ಕಣ್ಣು ಮುಚ್ಚಿತು. ಅಷ್ಟನ್ನೂ ಸಹಿಸಿದ ದೋಣಿಯವರು ಮೊಬೈಲ್ ಚಾರ್ಜ್ ಆಗದಿದ್ದಾಗ ದಂಗೆ ಎದ್ದರು. ನನಗೆ ಬುಲಾವ್ ಬಂತು. ಮೀಟರು ಹಿಡಿದು ಹೊರಟ ನನ್ನನ್ನು ನೋಡಿ ನಮ್ಮ ಮನೆಯವಳು, "ಶಾಲೆಗೆ ಹೋಗುವಾಗ ಈ ಉತ್ಸಾಹ ಇರಲಿಲ್ಲ" ಎಂದಳು.

ನಾನು ತಲುಪುವಷ್ಟರಲ್ಲಿ ಚಿಕಿತ್ಸೆ ಶುರುವಾಗಿತ್ತು. ಒಬ್ಬರು ಸಿಹಿನೀರಲ್ಲಿ ತೊಳೆಯಿರಿ ಎಂದರು, ಇನ್ನೊಬ್ಬರು ನಿಂಬೆಹಣ್ಣು ಕಟ್ಟಿರಿ ಎಂದರು. ಯಜಮಾನ ಎಲ್ಲಿಂದಲೋ ತಂದ ಮೀಟರು ಹಿಡಿದು ಗೆದ್ದವನಂತೆ ನಿಂತಿದ್ದ. 21 ವೋಲ್ಟ್! "ವೋಲ್ಟೇಜ್ ಇತ್ತಲ್ದಾ ಮಾಷ್ಟ್ರೇ, ಮತ್ತೆಂತ ತೊಂದ್ರೆ?"

ತೊಂದರೆ ಇರುವುದೇ ಅಲ್ಲಿ. ವೋಲ್ಟೇಜ್ ಎಂದರೆ ಮದುವೆ ಮನೆಯ ಕೆಲವು ನೆಂಟರ ಹಾಗೆ: "ನಾವಿದ್ದೇವೆ, ಚಿಂತೆ ಬೇಡ" ಎಂದು ಎದೆ ತಟ್ಟಿಕೊಂಡವರು ಅಕ್ಕಿ ಮೂಟೆ ಇಳಿಸುವ ಹೊತ್ತಿಗೆ ಕಾಣುವುದಿಲ್ಲ. ಇಂಥ ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ 36 ಸೆಲ್‌ಗಳು ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ; ಹೊರೆಯಿಲ್ಲದಾಗ ಒಂದೊಂದೂ ಸುಮಾರು 0.6 ವೋಲ್ಟ್ ತೋರಿಸುತ್ತದೆ. ಸೆಲ್ ಬಿರುಕು ಬಿಟ್ಟಿರಲಿ, ತಂತಿಯ ಬೆಸುಗೆ ಕೊಳೆತಿರಲಿ, ಕೆಲಸ ಕೊಡದೆ ಕೇಳಿದರೆ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ಯೋಗ್ಯತೆ ತಿಳಿಯಬೇಕಾದರೆ ಆಂಪಿಯರ್ ಅಳೆಯಬೇಕು.

ಮೀಟರಿನ ತಂತಿಯನ್ನು 10 ಆಂಪಿಯರಿನ ತೂತಿಗೆ ಹಾಕಿ, ಪ್ಯಾನೆಲ್ಲಿನ ಎರಡೂ ತುದಿಗಳಿಗೆ ನೇರವಾಗಿ ಮುಟ್ಟಿಸಿದೆ. "ಶಾರ್ಟ್ ಆತ್ತ್!" ಎಂದು ಎಲ್ಲರೂ ಹಿಂದೆ ಸರಿದರು. ಬ್ಯಾಟರಿಗೆ ಹೀಗೆ ಮಾಡಿದರೆ ತಂತಿಯೇ ಕರಗೀತು, ಯಾರೂ ಮಾಡಬಾರದು. ಪ್ಯಾನೆಲ್ಲಿಗೆ ಮಾತ್ರ ಇದು ನಡೆಯುತ್ತದೆ; ಬಿಸಿಲು ಎಷ್ಟು ಕೊಟ್ಟೀತೋ ಅಷ್ಟೇ ಕರೆಂಟು, 100 ವ್ಯಾಟಿನದಾದರೆ ಹೆಚ್ಚೆಂದರೆ ಆರು ಆಂಪಿಯರ್ ಆಸುಪಾಸು. ಇಲ್ಲಿ ಅರ್ಧವೂ ಬರಲಿಲ್ಲ.

ತಂತಿಗಳು ಕೂಡುವ ಹಿಂಬದಿಯ ಡಬ್ಬಿ ಬಿಚ್ಚುವ ಮೊದಲು ಪ್ಯಾನೆಲ್ಲನ್ನು ಮುಚ್ಚಬೇಕು, ಏಕೆಂದರೆ ಸೂರ್ಯನಿಗೆ ಸ್ವಿಚ್ ಇಲ್ಲ. ಲುಂಗಿ ಅಧಿಕೃತವಾಗಿ ಸೇವೆಗೆ ಸೇರಿತು. ಡಬ್ಬಿಯ ಮೂಲೆ ಲಂಗರಿನ ಪೆಟ್ಟಿಗೆ ಒಡೆದು, ಉಪ್ಪುನೀರು ಒಳಹೊಕ್ಕು, ತಾಮ್ರದ ತುಂಬ ಹಸಿರು ಕಿಲುಬು ಹಿಡಿದಿತ್ತು. ಕೆರೆದು, ಒಣಗಿಸಿ, ಹೊಸದಾಗಿ ಬೆಸುಗೆ ಹಾಕಿ, ಸಿಲಿಕೋನ್ ಬಳಿದು ಮುಚ್ಚಿದೆ.

ಆಮೇಲೆ ನಿಜವಾದ ಪರೀಕ್ಷೆ: ಬ್ಯಾಟರಿಗೆ ಜೋಡಿಸಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ. ಮೀಟರು ನಾಲ್ಕು ಆಂಪಿಯರ್ ದಾಟಿತು. ಕೂಡಲೇ ನೋಡಲು ಎಲ್ಲರೂ ಬಗ್ಗಿದರು. ತಲೆಗಳ ನೆರಳು ಬಿದ್ದು ಅಂಕಿ ಪಾತಾಳಕ್ಕೆ ಇಳಿಯಿತು. ಎದ್ದು ನಿಂತರು, ಏರಿತು. ಒಂದೇ ಸೆಲ್ಲಿನ ಮೇಲೆ ನೆರಳು ಬಿದ್ದರೂ ಸಾಲಿಗೆ ಸಾಲೇ ಸೊರಗುತ್ತದೆ ಎಂಬ ಪಾಠ ಇಷ್ಟು ಸುಲಭವಾಗಿ ನನ್ನ ತರಗತಿಯಲ್ಲಿ ಯಾರ ತಲೆಗೂ ಹೋಗಿರಲಿಲ್ಲ.

"ಆರು ಬಪ್ಪುದಿಲ್ಯಾ?" ಎಂದು ಯಜಮಾನ ರಾಗ ಎಳೆದ. ಲಂಗರಿನ ಪೆಟ್ಟಿಗೆ ಬಿರುಕುಬಿಟ್ಟ ಸೆಲ್ ಮತ್ತೆ ಕೂಡುವುದಿಲ್ಲ. ಪ್ಯಾನೆಲ್ಲಿನ ಮೇಲೆ ಬರೆದ 100 ವ್ಯಾಟು ಸೆಲ್ 25 ಡಿಗ್ರಿಯಲ್ಲಿದ್ದಾಗ ಲ್ಯಾಬಿನಲ್ಲಿ ಅಳೆದದ್ದು. ನಮ್ಮ ಕರಾವಳಿಯ ಬಿಸಿಲು ಆ ಲೆಕ್ಕ ಒಪ್ಪುವುದಿಲ್ಲ. ಸಂಜೆ ಎಲ್ಲರ ಮೊಬೈಲೂ ಚಾರ್ಜ್ ಆಯಿತು, ದಂಗೆ ಅಡಗಿತು.

ನೀವೂ ಹಳೆಯ ಪ್ಯಾನೆಲ್ ಕೊಳ್ಳುವಾಗಲೋ ರಿಪೇರಿ ಮಾಡಿಸುವಾಗಲೋ, ಅಂಗಡಿಯವರು ವೋಲ್ಟೇಜ್ ತೋರಿಸಿ ನಗಬಹುದು. ನೀವೂ ನಕ್ಕು, ಬಿಸಿಲಿಗೆ ಹಿಡಿಸಿ, ಆಂಪಿಯರ್ ಎಷ್ಟು ಎಂದು ಕೇಳಿ. ಉತ್ತರ ಬರುವ ತನಕ ದುಡ್ಡು ಜೇಬಿನಲ್ಲೇ ಇರಲಿ.