ಸಣ್ಣ ವಿಂಚು, ದೊಡ್ಡ ಸಭೆ

ಮರ ನೆಡುವವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕಡಿಸುವವನ ಮನೆ ಮುಂದೆ ಮಾತ್ರ ಬೀದಿಗೆ ಬೀದಿಯೇ ಸಭೆ ಸೇರುತ್ತದೆ. ಮೈಸೂರಿನ ನಮ್ಮ ಅಡ್ಡರಸ್ತೆಯಲ್ಲಿ ಈ ಸಭೆಗೆ ಕಾಯಂ ಅಧ್ಯಕ್ಷರು ಎದುರು ಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು.

ವಿಷಯ ಇಷ್ಟೇ. ನಮ್ಮ ಕಾಂಪೌಂಡಿನ ಸಿಲ್ವರ್ ಮರ ಆಳೆತ್ತರದಲ್ಲಿ ಎರಡು ಕವಲಾಗಿತ್ತು. ಒಂದು ಕವಲು ನೆಟ್ಟಗೆ, ಇನ್ನೊಂದು ಪಕ್ಕದ ಮನೆ ಆಂಟಿಯ ತಾರಸಿಯ ಸೋಲಾರ್ ಕಡೆಗೆ. ಆಸ್ಟ್ರೇಲಿಯಾದಿಂದ ಬಂದ ಈ ಮರ ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಫಿಗೆ ನೆರಳು ಕೊಟ್ಟು, ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ಮರ್ಯಾದೆಯಿಂದ ಬಾಳುತ್ತದೆ. ಊರಿಗೆ ಬಂದರೆ ಗಾಳಿ ಬೀಸಿದಾಗಲೆಲ್ಲ ಕೊಂಬೆ ಮುರಿದು ಹಾಕಿ ಜಗಳ ಹಚ್ಚುತ್ತದೆ.

"ಪರ್ಮಿಷನ್ ಇದೆಯೇನ್ರೀ?" ಎಂದರು ಮೇಷ್ಟ್ರು. 1976ರ ಮರ ಸಂರಕ್ಷಣಾ ಕಾಯ್ದೆ ಅವರಿಗೆ ಬಾಯಿಪಾಠ. ತೆಂಗು, ನೀಲಗಿರಿ, ಸಿಲ್ವರ್ ಮುಂತಾದವಕ್ಕೆ ಅದರಲ್ಲೇ ವಿನಾಯ್ತಿ ಇದೆ ಎಂದಾಗ, ಕಾಯ್ದೆ ಬರೆದವರ ಬಗ್ಗೆ ಅವರಿಗೆ ಬೇಸರವಾಯಿತು.

ಮುಂದಿನ ಠರಾವು, ಹೈಡ್ರಾ ತರಿಸುವುದು. ಹನ್ನೆರಡು ಟನ್ ಎತ್ತುವ ಹೈಡ್ರಾ ಕ್ರೇನು ನಮ್ಮ ಅಡ್ಡರಸ್ತೆಗೆ ಬರಬೇಕಾದರೆ ಮೊದಲು ಹಾಲಿನ ಬೂತನ್ನೂ ಗಣಪತಿ ಗುಡಿಯನ್ನೂ ಎತ್ತಿ ಪಕ್ಕಕ್ಕಿಡಬೇಕು. ಸಭೆ ಈ ಚರ್ಚೆಯಲ್ಲಿರುವಾಗಲೇ ಲಗೇಜ್ ಆಟೋದಲ್ಲಿ ಮರದ ಮೇಸ್ತ್ರಿ ಬಂದಿಳಿದ. ಗೋಣಿಚೀಲದಿಂದ ಅವನು ತೆಗೆದ ವಿಂಚು ಗಾತ್ರದಲ್ಲಿ ಹೊಲಿಗೆ ಮೆಷಿನ್ನಿನಷ್ಟಿತ್ತು. ಒಂದು ಡ್ರಮ್ಮು, ಅದಕ್ಕೆ ಸುತ್ತಿದ ವೈರ್ ರೋಪು, ಎರಡು ಹಲ್ಲಿನ ಚಕ್ರ, ಒಂದು ಹಿಡಿಕೆ.

"ಇದು ಬಾವಿಗೆ ಹಾಕೋದಲ್ವೇನಪ್ಪಾ?" ಎಂದಳು ನನ್ನ ಹೆಂಡತಿ.

ಮೇಸ್ತ್ರಿ ನಕ್ಕು ಸುಮ್ಮನಾದ. ನೆಟ್ಟಗಿದ್ದ ಕವಲಿನ ಬುಡಕ್ಕೆ ಅಗಲವಾದ ಬೆಲ್ಟಿನಿಂದ ವಿಂಚನ್ನು ಬಿಗಿದ. ಅದೇ ಕವಲಿನ ಮೇಲೆ ದಪ್ಪ ಬೆಲ್ಟಿನಿಂದ ಕಪ್ಪಿ ಕಟ್ಟಿಸಿದ. ವೈರ್ ರೋಪು ಬುಡದಿಂದ ಮೇಲೇರಿ, ಕಪ್ಪಿಯಲ್ಲಿ ಹೊರಳಿ, ವಾಲಿದ ಕವಲನ್ನು ಹಿಡಿಯಿತು. ಕಪ್ಪಿಗೆ ಅಷ್ಟು ದಪ್ಪ ಬೆಲ್ಟು ಯಾಕೆಂದು ಸಭೆ ಕೇಳಿತು. ಒಂದೂವರೆ ಅಡಿ ದಪ್ಪದ ಹಸಿ ದಿಮ್ಮಿ, ಐದಡಿ ತುಂಡಾದರೂ 200 ಕಿಲೋ ದಾಟುತ್ತದೆ.

"ಈ ಕಡೆ ದಿಮ್ಮಿ ಇನ್ನೂರು ಜಗ್ಗುತ್ತೆ, ಆ ಕಡೆ ವಿಂಚು ಇನ್ನೂರು ಜಗ್ಗುತ್ತೆ. ಕಪ್ಪಿ ಹೊರೋದು ನಾನೂರು, ಸಾರ್" ಎಂದ ಮೇಸ್ತ್ರಿ.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. "ಇದನ್ನೇ ನಾನು ಮೂವತ್ತು ವರ್ಷ ಬಡ್ಕೊಂಡೆ, ಒಬ್ಬನಿಗೂ ಹತ್ತಲಿಲ್ಲ" ಎಂದರು. ಅವರ ಶಿಷ್ಯರಾರೂ ಮರ ಹತ್ತಿದವರಲ್ಲ.

ಆಮೇಲೆ ನಡೆದದ್ದನ್ನು ನೋಡಲು ತಾಳ್ಮೆ ಬೇಕು. ಮೇಲೆ ಹುಡುಗ ಗರಗಸದ ಮೆಷಿನ್ ಹಿಡಿದು ಗರ್ರೆನ್ನಿಸುತ್ತಿದ್ದ. ಕೆಳಗೆ ಇನ್ನೊಬ್ಬ, ದಿಮ್ಮಿ ಜೋಲಿ ಹೊಡೆಯದ ಹಾಗೆ ಬೇರೆ ಹಗ್ಗ ಹಿಡಿದು ನಿಂತಿದ್ದ. ತುಂಡು ಬಿಡಿಸಿಕೊಂಡಿತು, ಒಂದು ಗೇಣು ಕುಸಿಯಿತು, ನಿಂತಿತು. ಸಭೆ ಉಸಿರು ಹಿಡಿಯಿತು. ಮೇಸ್ತ್ರಿ ಹಿಡಿಕೆ ತಿರುಗಿಸಿದ. ಕಟ ಕಟ ಕಟ. ಹತ್ತು ಸುತ್ತು ತಿರುಗಿಸಿದರೆ ದಿಮ್ಮಿ ಇಳಿಯುವುದು ಒಂದು ಮೊಳ. ಬಲ ಹೆಚ್ಚಿದಷ್ಟೂ ವೇಗ ಕಡಿಮೆ. ಹಲ್ಲಿನ ಚಕ್ರದ ಲೆಕ್ಕದಲ್ಲಿ ಚೌಕಾಶಿ ಇಲ್ಲ.

ಅರ್ಧ ದಾರಿಯಲ್ಲಿ ಮೇಸ್ತ್ರಿ ಹಿಡಿಕೆ ಬಿಟ್ಟು ಲುಂಗಿ ಬಿಗಿಮಾಡಿಕೊಳ್ಳತೊಡಗಿದ.

"ಅಯ್ಯೋ, ಹಿಡ್ಕೊಳ್ಳೋ!" ಎಂದು ಮೇಷ್ಟ್ರು ಚೀರಿದರು. ದಿಮ್ಮಿ ಮಾತ್ರ ಇದ್ದಲ್ಲೇ ಇತ್ತು. ಕೈ ಬಿಟ್ಟರೆ ವಿಂಚಿನ ಬ್ರೇಕು ತಾನೇ ಕಚ್ಚಿಕೊಳ್ಳುತ್ತದೆ. ಲುಂಗಿಗೆ ಆ ಸೌಲಭ್ಯವಿಲ್ಲ.

ಬಿಗಿದ ರೋಪಿನ ಮೇಲೆ ಅವನೊಂದು ಒದ್ದೆ ಗೋಣಿಚೀಲ ಹೊದಿಸಿದ್ದ. ಅಕಸ್ಮಾತ್ ರೋಪು ಕಡಿದರೆ ಚಾಟಿಯ ಹಾಗೆ ಬೀಸದಿರಲಿ ಎಂದು. ಇದು ಗೊತ್ತಾದ ಕೂಡಲೇ ಸಭೆ ರಸ್ತೆಯ ಆಚೆ ಬದಿಗೆ ಮುಂದೂಡಲ್ಪಟ್ಟಿತು. ಅಷ್ಟು ದೂರದಿಂದ ಕೊಟ್ಟ ಸಲಹೆಗಳು ಗರಗಸದ ಸದ್ದಿನಲ್ಲಿ ಕೇಳಿಸಲಿಲ್ಲ. ಕೆಲಸ ಚುರುಕಾಯಿತು.

ಸಂಜೆಗೆ ಕವಲು ಪೂರ್ತಿ ನೆಲ ಸೇರಿತ್ತು. ಸೋಲಾರಿನ ಒಂದು ಗಾಜೂ ಬಿರುಕು ಬಿಟ್ಟಿರಲಿಲ್ಲ. ಪಕ್ಕದ ಮನೆ ಆಂಟಿ ತಾರಸಿ ಹತ್ತಿ ಆಕಾಶ ನೋಡಿದರು.

"ನೆರಳೇ ಹೋಯ್ತಲ್ರೀ! ಇನ್ನು ಬೇಸಿಗೇಲಿ ನಮ್ಮ ರೂಮು ಕಾದು ಕೆಂಡ ಆಗತ್ತೆ."

ಮೇಸ್ತ್ರಿ ವಿಂಚನ್ನು ಚೀಲಕ್ಕೆ ತುಂಬುತ್ತಾ ತಲೆಯೆತ್ತಿ ಹೇಳಿದ: "ಸೋಲಾರ್ ಚೆನ್ನಾಗಿ ಕಾಯುತ್ತೆ ಬಿಡಿ ಅಮ್ಮಾ."