ಕಾಕಾನ ಪ್ಲಾಟು, ದಲ್ಲಾಳಿಯ ಪೋಹಾ

ನಾಗಪುರದಲ್ಲಿ ಕಿತ್ತಳೆಗಿಂತ ಜೋರಾಗಿ ಮಾರಾಟವಾಗುವ ಸರಕು ಭವಿಷ್ಯ. ವರ್ಧಾ ರಸ್ತೆಯಲ್ಲಿ ದಲ್ಲಾಳಿಯ ಬೈಕಿನ ಹಿಂದೆ ಕೂತು ಹೋಗಿ ನೋಡಿ, ಅವನು ಕೈ ಚಾಚಿದ ಕಡೆಯೆಲ್ಲ ಏನೋ ಒಂದು ಬರುತ್ತಲೇ ಇರುತ್ತದೆ. ಇಲ್ಲಿ ಕಂಪನಿ, ಅಲ್ಲಿ ಮಾಲ್, ಅದರಾಚೆ ಶಾಲೆ. ಕಣ್ಣಿಗೆ ಬೀಳುವುದು ಮಾತ್ರ ತೊಗರಿ ಹೊಲ ಮತ್ತು ಸುಣ್ಣ ಬಳಿದ ನಾಲ್ಕು ಕಲ್ಲು.

ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯಲ್ಲಿ ಹೋಗಿ ಅಲ್ಲೇ ನಿವೃತ್ತರಾದ ನಮ್ಮ ಕಾಕಾ ಇಂಥದೇ ನಾಲ್ಕು ಕಲ್ಲಿನ ಒಡೆಯರು. ಜೀವಮಾನವಿಡೀ ಪರರ ಸಾಲದ ಕಾಗದಗಳನ್ನು ಅಕ್ಷರ ಬಿಡದೆ ಓದಿದವರು, ತಮ್ಮ ಸರದಿ ಬಂದಾಗ ದಲ್ಲಾಳಿ ಕೊಡಿಸಿದ ತರ್ರಿ ಪೋಹಾ, ಅಂದರೆ ಖಾರದ ರಸ ಹೊಯ್ದ ಅವಲಕ್ಕಿ, ತಿಂದು ಮುಂಗಡ ಕೊಟ್ಟು ಬಂದರು. "ತಮ್ಮಾ, ಮಿಹಾನ್ ಬಂತಂದ್ರ ರೇಟ್ ಎಲ್ಲಿಗೋ ಹೋಗ್ತದ ನೋಡು!"

ಮಿಹಾನ್ ಎಂಬ, ವಿಮಾನ ನಿಲ್ದಾಣದ ಬಳಿಯ ಆ ದೊಡ್ಡ ಕೈಗಾರಿಕಾ ಯೋಜನೆ ಬರಲಿಲ್ಲ ಎಂದರೆ ತಪ್ಪಾದೀತು. ಟಿಸಿಎಸ್ ಬಂತು, ನಮ್ಮ ಬೆಂಗಳೂರಿನ ಇನ್ಫೋಸಿಸ್ಸೂ ಬಂತು, ಐಐಎಂ ಬಂತು. 2022ರ ಡಿಸೆಂಬರ್ 11ರಂದು ಒಂದೇ ದಿನ ಏಮ್ಸ್, ಮೆಟ್ರೋದ ಮೊದಲ ಹಂತ, ಶಿರಡಿವರೆಗಿನ ಸಮೃದ್ಧಿ ಹೆದ್ದಾರಿ ಎಲ್ಲಕ್ಕೂ ಪ್ರಧಾನಿಯಿಂದ ಉದ್ಘಾಟನೆ ಆಯಿತು. ಇಷ್ಟೆಲ್ಲ ಬಂದದ್ದು ನಿಜ, ಕಾಕಾನ ಪ್ಲಾಟಿನ ಕಡೆ ಬರಲಿಲ್ಲ ಅಷ್ಟೇ. ಮೇಲಾಗಿ ಖಾಲಿ ಪ್ಲಾಟು ಬಾಡಿಗೆ ತರುವುದಿಲ್ಲ, ಬೇಲಿಯ ಖರ್ಚು ತರುತ್ತದೆ.

ಕಾಗದದ ಕಥೆ ಇನ್ನೂ ಸ್ವಾರಸ್ಯ. ನಮ್ಮ ಪಹಣಿಗೆ ಅಲ್ಲಿ ಸಾತಬಾರಾ ಎನ್ನುತ್ತಾರೆ, ಭೂಪರಿವರ್ತನೆ ಆಗಿದ್ದರೆ ಎನ್‌ಎ. ಹೊಲವನ್ನು ಪರಿವರ್ತನೆಯಿಲ್ಲದೆ ತುಂಡು ಮಾಡಿ ಮಾರಿದ ಲೇಔಟುಗಳಿಗಾಗಿ 2001ರಲ್ಲಿ ಗುಂಠೇವಾರಿ ಕಾಯ್ದೆ ಬಂತು. ಅದರಡಿ ಸಕ್ರಮವಾದರೆ ಸಿಗುವ ಪತ್ರವೇ ಆರ್‌ಎಲ್. ಬೆಂಗಳೂರಿನ ರೆವಿನ್ಯೂ ಸೈಟು, ಬಿ ಖಾತೆ ಎಂದು ತಲೆ ಕೆಡಿಸಿಕೊಂಡವರಿಗೆ ಇದು ಹತ್ತಿರದ ನೆಂಟ. "ಆರ್‌ಎಲ್ ಆಗಿದೆ" ಎಂದು ದಲ್ಲಾಳಿ ಅಂದರೆ ಪತ್ರ ತೋರಿಸು ಅನ್ನಿ. "ಆಗ್ತದೆ" ಅಂದರೆ ಪೋಹಾದ ದುಡ್ಡು ನೀವೇ ಕೊಟ್ಟು ಎದ್ದು ಬನ್ನಿ. ಹೊಸ ಫ್ಲ್ಯಾಟಾದರೆ ಅಲ್ಲಿನ ರಿಯಲ್ ಎಸ್ಟೇಟ್ ಪ್ರಾಧಿಕಾರ ಮಹಾರೇರಾದ ನೋಂದಣಿ ಸಂಖ್ಯೆ ಕೇಳಿ. ಕಟ್ಟಡ ಯಾವಾಗ ಮುಗಿಸುತ್ತೇನೆಂದು ಬಿಲ್ಡರು ಬರೆದುಕೊಟ್ಟಿದ್ದಾನೋ ಆ ತಾರೀಖು ಅದರ ಜಾಲತಾಣದಲ್ಲೇ ಸಿಗುತ್ತದೆ.

"ಹಂಗಾರ ಫ್ಲ್ಯಾಟ್ ತೊಗೊಳ್ಳೂದು ಛಲೋ" ಅಂದರು ಕಾಕಾ. ಛಲೋನೇ, ಆದರೆ ಲೆಕ್ಕ ಹಾಕೋಣ. 40 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 10 ಸಾವಿರ ಬಾಡಿಗೆ ಬಂತು ಅನ್ನಿ. ವರ್ಷಕ್ಕೆ 1 ಲಕ್ಷ 20 ಸಾವಿರ, ಅಂದರೆ ನೂರಕ್ಕೆ 3. ಸೊಸೈಟಿ ವಂತಿಗೆ, ಪಾಲಿಕೆ ತೆರಿಗೆ, ಮನೆ ಖಾಲಿಬಿದ್ದ ಒಂದು ತಿಂಗಳು, ಇವನ್ನೆಲ್ಲ ಕಳೆದರೆ ನೂರಕ್ಕೆ 2 ಉಳಿದರೆ ಪುಣ್ಯ. ಅದೇ ಫ್ಲ್ಯಾಟಿಗೆ 30 ಲಕ್ಷ ಸಾಲ ಮಾಡಿದ್ದರೆ, ಎಂಟೂವರೆ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ 26 ಸಾವಿರ. ಬಾಡಿಗೆದಾರ ಕೊಡುವ ಹತ್ತಕ್ಕೆ ನೀವು ಹದಿನಾರು ಸೇರಿಸಿ ಬ್ಯಾಂಕಿಗೆ ಕಟ್ಟುತ್ತೀರಿ. ಊರೆಲ್ಲ ಮಾತ್ರ ನಿಮ್ಮನ್ನು ಮನೆ ಮಾಲೀಕರು ಅನ್ನುತ್ತದೆ.

ಮನೆ ನೋಡಲು ಡಿಸೆಂಬರಿನಲ್ಲಿ ಹೋಗಲೇಬೇಡಿ. ಆಗ ವಿಧಾನಮಂಡಲದ ಚಳಿಗಾಲದ ಅಧಿವೇಶನಕ್ಕೆ ಮುಂಬೈಯಿಂದ ಬಂದ ಮಂತ್ರಿಗಳಿಗೂ ನಾಗಪುರ ಸ್ವರ್ಗದಂತೆ ಕಾಣುತ್ತದೆ. ಮೇ ತಿಂಗಳ ಮಧ್ಯಾಹ್ನ 3 ಗಂಟೆಗೆ, ಬಿಸಿಲು 45 ಡಿಗ್ರಿ ದಾಟಿದಾಗ, ಕೊನೆಯ ಮಹಡಿಯ ಪಶ್ಚಿಮದ ಗೋಡೆ ಮುಟ್ಟಿ ನೋಡಿ. ಕೂಲರ್ ಕೂರಿಸಲು ಜಾಗ, ಅದಕ್ಕೆ ಹೊಯ್ಯಲು ನೀರು ಎರಡೂ ಉಂಟೇ? ಇಲ್ಲದಿದ್ದರೆ ಬಾಡಿಗೆದಾರ ಏಪ್ರಿಲ್‌ನಲ್ಲೇ ಗಂಟುಮೂಟೆ ಕಟ್ಟುತ್ತಾನೆ.

ಇನ್ನು ಕರಾರು. ಗುರುತಿನ ಹುಡುಗ, ಬಾಯಿಮಾತು ಸಾಕು ಅನ್ನುವ ದೊಡ್ಡಸ್ತಿಕೆ ಬೇಡ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರನ್ನೂ ನೋಂದಾಯಿಸಬೇಕು, ಆ ಹೊಣೆ ಮಾಲೀಕರದು. ನೋಂದಾಯಿಸದಿದ್ದರೆ, ಷರತ್ತು ಏನಿತ್ತು ಎಂಬ ಜಗಳದಲ್ಲಿ ಬಾಡಿಗೆದಾರ ಹೇಳಿದ್ದೇ ನಿಜ, ಸುಳ್ಳೆಂದು ನೀವು ಸಾಬೀತು ಮಾಡುವವರೆಗೆ. ನೋಂದಾಯಿಸಿದ್ದು, ಅವಧಿ ಮುಗಿದರೂ ಆತ ಜಾಗ ಬಿಡದಿದ್ದರೆ, ಎರಡು ಪಟ್ಟು ಬಾಡಿಗೆ ಕೇಳುವ ಹಕ್ಕೂ ನಿಮಗುಂಟು. ಈಗ ಆನ್‌ಲೈನಿನಲ್ಲೇ ನೋಂದಣಿ ಆಗುತ್ತದೆ, ಸೋಮಾರಿತನಕ್ಕೂ ನೆಪ ಉಳಿದಿಲ್ಲ.

ಆದಾಯ ತೆರಿಗೆಯವರು ಮಾತ್ರ ಇಲ್ಲಿ ಕರುಣಾಮಯಿಗಳು. ಪಾಲಿಕೆ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30ರಷ್ಟನ್ನು ರಿಪೇರಿ ಇತ್ಯಾದಿಗೆಂದು ಬಿಟ್ಟುಬಿಡುತ್ತಾರೆ, ನೀವು ಒಂದು ಮೊಳೆ ಹೊಡೆಸದಿದ್ದರೂ.

ಇಷ್ಟೆಲ್ಲ ಹೇಳಿ ಮುಗಿಸುವವರೆಗೆ ಕಾಕಾ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕುರ್ಚಿ ನನ್ನ ಹತ್ತಿರ ಎಳೆದುಕೊಂಡು, "ನಿನಗ ಇದರಾಗ ಭಾಳ ತಿಳೀತದಪಾ. ನಮ್ಮ ಪ್ಲಾಟ್ ನೀನ ತೊಗೊ, ಮನೀ ಮಗಾ ಅಂತ ರೇಟ್ ಕಮ್ಮಿ ಮಾಡ್ತೀನಿ. ಬಾ, ಮೊದಲ ಪೋಹಾ ತಿಂದ ಬರೂಣು" ಅಂದರು.