ಜ್ವರದ ಇಂಗ್ಲಿಷು

ಏಳನೇ ಕ್ಲಾಸಿನ ಒಂದು ವರ್ಷದಲ್ಲಿ ನಮಗೆ ಪಕ್ಕಾ ಬಂದ ಇಂಗ್ಲಿಷ್ ಅಂದರೆ ರಜಾ ಅರ್ಜಿ. 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್' ಎಂದು ಶುರುವಾಗಿ 'ಯುವರ್ಸ್ ಒಬೀಡಿಯೆಂಟ್ಲಿ' ಎಂದು ಮುಗಿಯುವ ಆ ಅರ್ಜಿಯನ್ನು ಈಗ ನಡುರಾತ್ರಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆದುಕೊಟ್ಟಿದ್ದು ಅದೊಂದೇ. ಹಾಗಾಗಿ ನಮ್ಮ ಕ್ಲಾಸಿನಲ್ಲಿ ಬೇರೆ ಕಾಯಿಲೆಗೆ ಜಾಗವೇ ಇರಲಿಲ್ಲ. ಅಕ್ಕನ ಮದುವೆಗೆ ಹೋದವನಿಗೂ ಜ್ವರ, ದನದ ಜಾತ್ರೆಗೆ ಹೋದವನಿಗೂ ಜ್ವರ, ನಾಟಿ ದಿನ ಗದ್ದೆಯಲ್ಲಿ ಸಸಿಕಟ್ಟು ಹೊತ್ತವನಿಗೂ ಜ್ವರ. ಕಾಲು ಮುರಿದುಕೊಂಡ ಹುಡುಗನೊಬ್ಬ ಪ್ಲಾಸ್ಟರ್ ಸಮೇತ ಕುಂಟುತ್ತ ಬಂದು ಕೊಟ್ಟ ಅರ್ಜಿಯಲ್ಲೂ ಜ್ವರವೇ ಇತ್ತು. ಮೇಷ್ಟ್ರು ಅವನ ಕಾಲನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿ, "ಸ್ಪೆಲಿಂಗೆಲ್ಲ ಸರಿಯಾಗಿದೆ" ಎಂದು ಸಹಿ ಹಾಕಿದರು.

ಆಗ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ಏಳಕ್ಕೆ ಬರುವ ಹೊತ್ತಿಗೆ ಎಬಿಸಿಡಿ ದಾಟಿ ಕೂಡುಬರಹಕ್ಕೆ ಇಳಿದಿದ್ದೆವು. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಸಣ್ಣ 'ಜಿ'ಯ ಬಾಲ ಕೆಳಗಿನ ಗೆರೆ ಮುಟ್ಟಿ ವಾಪಸು ಬರಬೇಕು. ಮುಟ್ಟದಿದ್ದರೆ ಬೆರಳ ಗೆಣ್ಣಿಗೆ ಸ್ಕೇಲು. ಬರೆದಿದ್ದರಲ್ಲಿ ಏನಿದೆ ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಕ್ಷರ ದುಂಡಗಿದ್ದವನೇ ಇಂಗ್ಲಿಷಿನಲ್ಲಿ ಜಾಣ. ಸ್ಪೆಲಿಂಗ್ ಮಾತ್ರ ರಾಗದಲ್ಲಿ ಬರುತ್ತಿತ್ತು. 'ಬಿ ಇ ಎ ಯು' ಎಂದು ಎಳೆಯತೊಡಗಿದವನನ್ನು ಮಧ್ಯದಲ್ಲಿ ಯಾರಾದರೂ ತಡೆದರೋ, ಪಾಪ, ಮತ್ತೆ 'ಬಿ'ಯಿಂದಲೇ ಎತ್ತಿಕೊಳ್ಳಬೇಕು.

ವ್ಯಾಕರಣಕ್ಕೆ ಮೇಷ್ಟ್ರ ಬಳಿ ರೆನ್ ಮತ್ತು ಮಾರ್ಟಿನ್ ಎಂಬಿಬ್ಬರು 1930ರ ದಶಕದಲ್ಲಿ ಬರೆದ ದಪ್ಪ ಪುಸ್ತಕವಿತ್ತು, ಖಾಕಿ ರಟ್ಟು ಹಾಕಿದ್ದು. ಕನ್ನಡದಲ್ಲಿ ಕಾಲ ಮೂರೇ ಎಂದು ನೆಮ್ಮದಿಯಾಗಿದ್ದ ನಮಗೆ ಹನ್ನೆರಡು ಟೆನ್ಸ್ ಇವೆ ಎಂದು ಗೊತ್ತಾಗಿದ್ದು ಆಗಲೇ. ಉದಾಹರಣೆಗೆ ಸಿಕ್ಕವನು ರಾವಣ. ವಾಲ್ಮೀಕಿ ಒಂದೇ ಸಲ ಕೊಲ್ಲಿಸಿದವನನ್ನು ನಾವು ಹನ್ನೆರಡು ಸಲ ಕೊಲ್ಲಿಸಿದೆವು. ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್‌ನಲ್ಲಂತೂ ರಾಮ ಬೆಳಗ್ಗೆಯಿಂದ ಕೊಲ್ಲುತ್ತಲೇ ಇದ್ದ. ಊಟದ ಬೆಲ್ ಹೊಡೆದರೂ ರಾವಣ ಸತ್ತಿರಲಿಲ್ಲ. ಪ್ಯಾಸಿವ್ ವಾಯ್ಸ್ ಬಂದಮೇಲೆ ಅವನಿಗೆ ವಾಕ್ಯದ ಮೊದಲ ಸ್ಥಾನ ಸಿಕ್ಕಿತು. ಪ್ರಮೋಷನ್ ಆದರೂ ಜೀವ ಉಳಿಯಲಿಲ್ಲ.

ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬರುತ್ತಿದ್ದರು. 'ವಾಟ್ ಈಸ್ ಯುವರ್ ಫಾದರ್' ಎಂದರೆ 'ಮೈ ಫಾದರ್ ಈಸ್ ಎ ಫಾರ್ಮರ್' ಎನ್ನಬೇಕೆಂದು ವಾರಗಟ್ಟಲೆ ತಾಲೀಮು. ಅಂದು ಟೈಲರ್ ಮಗನೂ ಪೋಸ್ಟ್‌ಮ್ಯಾನ್ ಮಗಳೂ ಎದ್ದು ನಿಂತು ಅದನ್ನೇ ಹೇಳಿದರು. ಕೊನೇ ಬೆಂಚಿನಲ್ಲಿದ್ದ ಹೆಡ್‌ಮಾಸ್ಟರ ಮಗನೂ ಅದನ್ನೇ ಹೇಳಿದ. ಇನ್‌ಸ್ಪೆಕ್ಟರು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ ಹೆಡ್‌ಮಾಸ್ಟರ ಕಡೆ ತಿರುಗಿ, "ಎಷ್ಟು ಎಕರೆ ಸಾರ್ ನಿಮ್ಮದು?" ಎಂದರು.

ಮೇಷ್ಟ್ರನ್ನು ಬೈಯುವ ಹಾಗಿಲ್ಲ. ಇಂಗ್ಲಿಷ್ ಕಲಿಸುವುದು ಹೇಗೆಂದು ಮೇಷ್ಟ್ರುಗಳಿಗೆ ಕಲಿಸಲೆಂದೇ ಬೆಂಗಳೂರಿನಲ್ಲಿ 1963ರಿಂದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ನಮ್ಮವರೂ ಒಮ್ಮೆ ಟ್ರೇನಿಂಗಿಗೆಂದು ಅಲ್ಲಿಗೆ ಹೋಗಿ ಬಂದರು. ಬಂದವರು ಬೇರೆಯೇ ಮನುಷ್ಯ. ಕೈಯಲ್ಲಿ ಸ್ಕೇಲಿಲ್ಲ, ಚಿತ್ರದ ಕಾರ್ಡುಗಳಿದ್ದವು. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಒಬ್ಬ ಅಂಗಡಿಯವ, ಒಬ್ಬ ಗಿರಾಕಿ ಎಂದರು. 'ಹೌ ಮಚ್ ಬ್ರಿಂಜಾಲ್?' 'ಟೂ ರುಪೀಸ್.' 'ನೋ, ಒನ್ ರುಪೀ.' 'ಗೋ, ಗೋ!' ಎಂದು ಚೌಕಾಸಿ ಶುರುವಾಯಿತು ನೋಡಿ, ಸಂತೆಯೇ ನಿಂತಿತು. ಗ್ರಾಮರು ಎಲ್ಲಿ ಬಿತ್ತೋ ಯಾರೂ ತಿರುಗಿ ನೋಡಲಿಲ್ಲ. ಬದನೆಕಾಯಿ ಮಾತ್ರ ಮಾರಾಟವಾಯಿತು. ಇಡೀ ವರ್ಷದಲ್ಲಿ ನಾವು ಇಂಗ್ಲಿಷ್ ಮಾತಾಡಿದ್ದು ಅಂದರೆ ಅದೇ. ಅಷ್ಟರಲ್ಲಿ ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು, "ಏನ್ರೀ ಇದು ಗಲಾಟೆ? ಪಾಠ ಮಾಡೋದು ಬೇಡವಾ?" ಎಂದರು. ಮರುದಿನ ಹೆಡ್‌ಮಾಸ್ಟರೂ ಅದನ್ನೇ ಕೇಳಿದರು. ಚಿತ್ರದ ಕಾರ್ಡುಗಳು ಬೀರು ಸೇರಿದವು, ರಾವಣ ವಾಪಸು ಬಂದ.

ಈಗ ಕಾಲ ಬದಲಾಗಿದೆ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂತು. 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೇ ಶುರುವಾದವು. ಮೊನ್ನೆ ಏಳನೇ ಕ್ಲಾಸಿನ ತಂಗಿಮಗಳ ನೋಟ್ಸ್ ತಿರುವಿ ಹಾಕಿದೆ. ಕೈಬರಹ ಚೆನ್ನಾಗಿದೆ, ಕೆಂಪಿಂಕಿನ ರೈಟುಗಳೂ ಸಾಕಷ್ಟಿವೆ. "ಕ್ಲಾಸಲ್ಲಿ ಇಂಗ್ಲಿಷ್ ಮಾತಾಡ್ತೀರೇನೇ?" ಎಂದರೆ, "ಇಲ್ಲ ಮಾವ, ಮಾತಾಡಿದರೆ ಲೀಡರ್ ಹೆಸರು ಬರೀತಾನೆ" ಎಂದಳು.

ಇಂಗ್ಲಿಷ್ ಮೇಷ್ಟ್ರುಗಳೇ, ಮೇಡಂಗಳೇ, ವಾರಕ್ಕೊಂದು ಪಿರಿಯಡ್ಡನ್ನಾದರೂ ಗಲಾಟೆಗೆ ಬಿಡಿ. ತಪ್ಪೋ ಒಪ್ಪೋ ಮಕ್ಕಳು ಬದನೆಕಾಯಿ ಮಾರಲಿ. ಗಣಿತದವರು ಬಾಗಿಲಿಗೆ ಬಂದರೆ ಪಾಠವೇ ನಡೆಯುತ್ತಿದೆ ಎಂದು ಹೇಳಿ ಕಳಿಸಿ.